ಪೆನ್ಸಿಲ್ ಚುಕ್ಕೆ

ಮಾರ್ಚ್ 3, ಸೋಮವಾರ

ಬಟ್ಟೆ ಅಂಗಡಿಯವರು ಹೊಸ ವರ್ಷಕ್ಕೆ ನಮ್ಮ ಯಜಮಾನರಿಗೆ ಕೊಟ್ಟ ಡೈರಿ ಇದು. ದರ್ಜಿಗೆ ಡೈರಿ ಯಾಕೆ ಅಂತ ಅವರು ಎರಡು ತಿಂಗಳು ಅದರ ಮೇಲೆ ಗುಂಡಿ ಡಬ್ಬಿ ಇಟ್ಟುಕೊಂಡಿದ್ದರು. ನಿನ್ನೆ ನನ್ನ ಕೈಗೆ ಕೊಟ್ಟು, “ಆಸ್ಪತ್ರೆ ಕಥೆಯನ್ನೆಲ್ಲ ಇದಕ್ಕೆ ಹೇಳು ಮಾರಾಯ್ತಿ, ನನ್ನ ಕಿವಿಗೂ ಸ್ವಲ್ಪ ರಜೆ ಸಿಗಲಿ” ಅಂದರು. ಸರಿ, ಹೇಳುತ್ತೇನೆ.

ಸೋಮವಾರ ಬಂತೆಂದರೆ ಊರಿನ ನೋವೆಲ್ಲ ತುರ್ತು ವಿಭಾಗದ ಬಾಗಿಲಿಗೇ ಬಂದು ನಿಲ್ಲುತ್ತದೆ. ಬೆಳಿಗ್ಗೆ ಎಂಟಕ್ಕೆ ಮೇಜಿಗೆ ಕೂತವಳು ಎರಡರವರೆಗೆ ತಲೆ ಎತ್ತಲಿಲ್ಲ. ತೊಂಬತ್ತಾರು ಜನ. ಬಂದವರನ್ನು ನೋಡು, ನಾಲ್ಕು ಪ್ರಶ್ನೆ ಕೇಳು, ಕೆಂಪು, ಹಳದಿ, ಹಸಿರು ಚೀಟಿಗಳಲ್ಲಿ ಒಂದನ್ನು ಫೈಲಿಗೆ ಸಿಕ್ಕಿಸು. ಕೆಂಪಾದರೆ ನಿಂತ ಕಾಲಲ್ಲೇ ಒಳಗೆ, ಹಳದಿಯಾದರೆ ಸ್ವಲ್ಪ ತಾಳು, ಹಸಿರಾದರೆ ಬೆಂಚಿನ ಮೇಲೆ ಕೂತು ಗಡಿಯಾರ ನೋಡು. ಇಪ್ಪತ್ತೆರಡು ವರ್ಷ ಕೂತ ಮೇಲೆ, ಜನ ಬಾಗಿಲು ದಾಟುವ ನಡಿಗೆಯಲ್ಲೇ ನನಗೆ ಬಣ್ಣ ಗೊತ್ತಾಗುತ್ತದೆ.

ಚೀಟಿಯ ಜೊತೆಗೆ ನನ್ನದೇ ಒಂದು ಏರ್ಪಾಡೂ ಇದೆ. ಸುಮ್ಮಸುಮ್ಮನೆ ಪದೇ ಪದೇ ಬರುವವರ ಫೈಲಿನ ಮೇಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತೇನೆ. ಚುಕ್ಕೆ ಇದ್ದರೆ ಅವಸರ ಬೇಡ ಅಂತ. ಎಂಟು ವರ್ಷದ ಹಿಂದೆ ಶುರು ಮಾಡಿದ್ದು, ಈಗ ಮೂರೂ ಪಾಳಿಯ ಸಿಸ್ಟರುಗಳು ಕಲಿತಿದ್ದಾರೆ. ಯಾವ ನಿಯಮದ ಪುಸ್ತಕದಲ್ಲೂ ಇಲ್ಲ, ಆದರೆ ಯಾವ ನಿಯಮವೂ ಇಷ್ಟು ಕೆಲಸ ಉಳಿಸಿಲ್ಲ. ಇವತ್ತು ಚುಕ್ಕೆಯವರೇ ಹದಿನಾಲ್ಕು ಜನ. ಎಲ್ಲರೂ ಕಾಲುವೆಯಾಚೆಯವರು ಅಂತ ಬೇರೆ ಹೇಳಬೇಕಾಗಿಲ್ಲ. ಹಗಲು ದವಾಖಾನೆ ಅಂತ ಒಂದಿದೆ, ಅಲ್ಲಿಗೆ ಹೋಗಲು ಇವರಿಗೇನು ಕಾಲುನೋವೋ ದೇವರೇ ಬಲ್ಲ. ತಲೆನೋವಿಗೂ ಇಲ್ಲಿಗೇ ದೌಡು.

ಮಾರ್ಚ್ 5, ಬುಧವಾರ

ಇಸ್ತ್ರಿಯಮ್ಮ ತೀರಿಕೊಂಡಳು. ನನ್ನ ಮೇಜಿನಿಂದ ಹನ್ನೆರಡು ಹೆಜ್ಜೆ ದೂರದಲ್ಲಿ.

ಇಸ್ತ್ರಿಯಮ್ಮ ಅನ್ನುವುದು ನಾನಿಟ್ಟ ಹೆಸರು. ಕಾಲುವೆಯಾಚೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಗಸು, ಐವತ್ತೈದರ ಆಸುಪಾಸು. ಆ ಕಡೆಯವರ ಅಜ್ಜಂದಿರನ್ನು ಕಾಲುವೆ ತೋಡಲು ದೂರದಿಂದ ಕರೆತಂದಿದ್ದರಂತೆ. ಕಾಲುವೆ ಮುಗಿಯಿತು, ಇವರು ಅದರ ದಡದಲ್ಲೇ ಉಳಿದರು. ನಮಗಿಂತ ಕಪ್ಪು, ಮಾತಿನ ರಾಗ ಬೇರೆ. ಈಕೆ ವರ್ಷದಲ್ಲಿ ಆರು ಸಲ ಬಂದಿದ್ದಳು: ಎದೆ ಉರಿ, ಸುಸ್ತು, ತಲೆ ಸುತ್ತು. ಮೂರನೆಯ ಸಲವೇ ಚುಕ್ಕೆ ಇಟ್ಟಿದ್ದೆ.

ಇವತ್ತು ಎಂಟು ಹತ್ತಕ್ಕೆ ಮಗಳ ಹೆಗಲು ಹಿಡಿದುಕೊಂಡು ಬಂದಳು. “ಹೊಟ್ಟೆ ಮೇಲೆ ಹಿಂಡಿದಂಗೆ ಆಗ್ತಿದೆ ಅಕ್ಕ, ದವಡೆ ತನಕ ಬರ್ತಿದೆ” ಅಂದಳು. “ಮತ್ತೆ ಸವಾರಿ ಬಂತಾ? ರಾತ್ರಿ ಏನು ತಿಂದ್ರಿ?” ಅಂತ ಕೇಳಿದೆ. ನಕ್ಕಳು. ನಗುತ್ತಿದ್ದಾಳಲ್ಲಾ ಅಂತಲೇ ಹಸಿರು ಚೀಟಿ ಸಿಕ್ಕಿಸಿದೆ. ಹಿಂದೆಯೇ ಅಂಗಡಿ ಬೀದಿಯ ಒಬ್ಬರು ಹೆಬ್ಬೆರಳು ಉಳುಕಿಸಿಕೊಂಡು ಬಂದರು. ಯಾವಾಗಿನಿಂದ, ಹೇಗೆ, ಎಷ್ಟು ನೋವು ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿದರು. ಅವರಿಗೆ ಹಳದಿ.

ಮಗಳು ಎರಡು ಸಲ ಮೇಜಿನ ಹತ್ತಿರ ಬಂದಳು. ಎರಡು ಸಲವೂ “ಸರತಿ ಬರುತ್ತೆ, ಕೂತ್ಕೊಳ್ಳಮ್ಮ” ಅಂದೆ. ಹನ್ನೊಂದು ಐವತ್ತಕ್ಕೆ ಇಸ್ತ್ರಿಯಮ್ಮ ಬೆಂಚಿನಿಂದ ಪಕ್ಕಕ್ಕೆ ವಾಲಿ ನೆಲಕ್ಕೆ ಬಿದ್ದಳು. ಡಾಕ್ಟರಮ್ಮ ನಲವತ್ತು ನಿಮಿಷ ಎದೆ ಒತ್ತಿದರು. ಹೃದಯಾಘಾತ.

ಮಗಳು ಗೋಡೆಗೆ ಆನಿಕೊಂಡು ನಿಂತಿದ್ದಳು. ನೋವು ನಿನ್ನೆ ಸಂಜೆಯೇ ಶುರುವಾಗಿತ್ತು ಅಂದಳು. “ತಡ ಮಾಡಿ ಕರ್ಕೊಂಡು ಬಂದ್ರಲ್ಲಮ್ಮ” ಅಂದೆ. ಇಂಥ ಹೊತ್ತಿನಲ್ಲಿ ನಾವು ಆಡುವ ಮಾತೇ ಅದು, ಬಾಯಿಗೆ ತಾನಾಗಿ ಬರುತ್ತದೆ. ರಾತ್ರಿ ಪಾಳಿಯ ಜೊತೆ ಬೆಳಗಿನ ಪಾಳಿಯನ್ನೂ ಮುಗಿಸಿಕೊಂಡ ಅವಳ ಅಪ್ಪ ಆಗಷ್ಟೇ ಓಡಿಬಂದಿದ್ದರು. ಯಾವುದೋ ಗೋದಾಮಿನ ಕಾವಲುಗಾರರಂತೆ, ಕೈಯಲ್ಲಿ ಟಾರ್ಚು ಹಾಗೇ ಇತ್ತು. ನಾನಂದದ್ದು ಅವರಿಗೂ ಕೇಳಿಸಿತು.

ಮಾರ್ಚ್ 6, ಗುರುವಾರ

ಎಂಬತ್ತೊಂದು ಜನ. ಬರೆಯುವಂಥದ್ದು ಏನೂ ನಡೆಯಲಿಲ್ಲ.

ಮಾರ್ಚ್ 11, ಮಂಗಳವಾರ

ಸತ್ತವಳ ಗಂಡ ಆಫೀಸಿಗೆ ಅರ್ಜಿ ಕೊಟ್ಟಿದ್ದಾರೆ: ನನ್ನ ಹೆಂಡತಿಯನ್ನು ಮೂರು ಗಂಟೆ ನಲವತ್ತು ನಿಮಿಷ ಯಾಕೆ ಕೂರಿಸಿದಿರಿ, ತಿಳಿಸಿ. ದುಂಡಗಿನ ಒಳ್ಳೆಯ ಅಕ್ಷರ. ನನ್ನಿಂದ ವಿವರಣೆ ಕೇಳಿದರು.

ಹಿರಿಯ ಸಿಸ್ಟರ್ ನನ್ನನ್ನು ಬಟ್ಟೆ ಬದಲಿಸುವ ಕೋಣೆಗೆ ಕರೆದು ಬಾಗಿಲು ಹಾಕಿದರು. “ಎರಡೇ ಸಾಲು ಬರಿ. ಜನ ಜಾಸ್ತಿ ಇದ್ರು, ಮನೆಯವರು ತಡವಾಗಿ ತಂದ್ರು. ಎರಡೂ ಸುಳ್ಳಲ್ಲವಲ್ಲ?”

“ಸುಳ್ಳಲ್ಲ.”

“ಮತ್ತಿನ್ನೇನು? ನಿವೃತ್ತಿಗೆ ಎಷ್ಟು ವರ್ಷ ಇದೆ ನಿಂಗೆ?”

“ನಾಲ್ಕು.”

“ನೋಡು ಮತ್ತೆ.”

ಎರಡು ಸಾಲು ಬರೆದುಕೊಟ್ಟೆ. ಆಮೇಲೆ ಫೈಲು ಒಪ್ಪಿಸುವ ಮುಂಚೆ ರಬ್ಬರ್ ತೆಗೆದುಕೊಂಡು ಮೂಲೆಯ ಚುಕ್ಕೆ ಅಳಿಸಿದೆ. ಯಾರೂ ಅಳಿಸು ಅಂದಿರಲಿಲ್ಲ. ಪೆನ್ಸಿಲಿನ ಚುಕ್ಕೆ ಹೋಗಲು ಎಷ್ಟು ಹೊತ್ತು, ಎರಡು ಸಲ ಉಜ್ಜಿದರೆ ಆಯಿತು. ಆ ಜಾಗ ಸುತ್ತಲಿನದಕ್ಕಿಂತ ಬೆಳ್ಳಗೆ ಕಂಡಿತು. ಬೆರಳಿಗೆ ಮಸಿ ಹಚ್ಚಿಕೊಂಡು ಅದನ್ನೂ ಸರಿಮಾಡಿದೆ. ಎಂಥ ಕೆಲಸ ಮಾಡುತ್ತಿದ್ದೇನೆ ಅಂತ ಅನ್ನಿಸಿದ್ದು ಬಸ್ಸಿನಲ್ಲಿ ಕೂತ ಮೇಲೆ.

ಮಾರ್ಚ್ 14, ಶುಕ್ರವಾರ

ಡಾಕ್ಟರಮ್ಮನಿಗೆ ನನ್ನ ಮಗಳ ವಯಸ್ಸು. ಮಾತು ಕಡಿಮೆ. ಇವತ್ತು ಚಹಾ ಹೊತ್ತಿನಲ್ಲಿ ಬಂದು ಎದುರು ಕೂತರು.

“ಸಿಸ್ಟರ್, ಅವತ್ತು ಆಕೆ ಬಂದಾಗ ಮುಖ ಬಿಳಿಚಿಕೊಂಡಿತ್ತಾ?”

“ಅವರ ಬಣ್ಣದಲ್ಲಿ ಅದೆಲ್ಲ ಎಲ್ಲಿ ಕಾಣುತ್ತೆ ಡಾಕ್ಟರ್?”

“ಕಾಣುತ್ತೆ. ಕೆಳಗಿನ ರೆಪ್ಪೆ ಎಳೆದು ನೋಡಬೇಕು. ಅಂಗೈ ನೋಡಬೇಕು. ಮುಟ್ಟಿದ್ರೆ ತಣ್ಣಗೆ ಬೆವೆತಿರುತ್ತೆ. ಮುಟ್ಟಿ ನೋಡಿದ್ರಾ?”

ನಾನು ಮುಟ್ಟಿರಲಿಲ್ಲ. ಮೇಜು ಅಡ್ಡ ಇತ್ತು. ಹಾಗಂತ ಹೇಳಿದೆ. ಅವರು ಬೈದಿದ್ದರೆ ತಿರುಗಿ ಎರಡು ಮಾತು ಆಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. “ಬಂದ ತಕ್ಷಣ ಇ.ಸಿ.ಜಿ. ತೆಗೆದಿದ್ರೆ ಏನಾದ್ರೂ ಮಾಡಬಹುದಿತ್ತು. ಸಂಜೆಯಿಂದ ನೋವಿದ್ರೂ ಬೆಳಿಗ್ಗೆ ನಡ್ಕೊಂಡು ಬಂದಿದ್ದರಲ್ಲ” ಅಂದು ಲೋಟ ತೊಳೆದಿಟ್ಟು ಹೋದರು.

ಹೆಬ್ಬೆರಳು ಉಳುಕಿದವರ ಕೈಯನ್ನು ಮಾತ್ರ ನಾನೇ ಹಿಡಿದು ಮಡಚಿ ನೋಡಿದ್ದೆ. ಅದೇ ಮೇಜು, ಅದೇ ಅಡ್ಡ.

ಮಾರ್ಚ್ 20, ಗುರುವಾರ

ದಾಖಲೆ ಕೋಣೆಯ ಗುಮಾಸ್ತರು ಲೆಕ್ಕದ ಮನುಷ್ಯ. ಮೆಟ್ಟಿಲನ್ನೂ ಎಣಿಸಿಕೊಂಡೇ ಹತ್ತುತ್ತಾರೆ ಅಂತ ನಾವೆಲ್ಲ ತಮಾಷೆ ಮಾಡುತ್ತೇವೆ. ತುರ್ತು ವಿಭಾಗದಲ್ಲಿ ಯಾಕಿಷ್ಟು ಜನ ಅಂತ ಮೇಲಿನವರು ಪಟ್ಟಿ ಕೇಳಿದ್ದಾರಂತೆ. ನನ್ನನ್ನು ಕೆಳಗೆ ಕರೆಸಿದರು.

“ಸಿಸ್ಟರ್, ಈ ಮೂಲೆಯ ಚುಕ್ಕೆ ಏನು?”

ನಾನು ಮೇಲಿದ್ದ ಫೈಲನ್ನು ಮಗುಚಿ ಇಟ್ಟೆ.

“ನಾನು ಯಾರಿಗೂ ಹೇಳೋಕೆ ಹೋಗಲ್ಲ, ನನ್ನ ಕೆಲಸ ಎಣಿಸೋದು ಅಷ್ಟೇ. ಕಳೆದ ವರ್ಷದ ಫೈಲಲ್ಲಿ ಇನ್ನೂರ ಹನ್ನೆರಡು ಚುಕ್ಕೆ. ಅದರಲ್ಲಿ ನೂರ ಎಂಬತ್ತೇಳು ಜನ ಕಾಲುವೆಯಾಚೆಯವರು. ಊರಲ್ಲಿ ಅವರು ಹತ್ತರಲ್ಲಿ ಒಬ್ಬರೂ ಇಲ್ಲ.”

“ಅವರೇ ಜಾಸ್ತಿ ಬರ್ತಾರೆ.”

“ಜಾಸ್ತಿ ಬರ್ತಾರೆ, ಹೌದು. ಆದ್ರೆ ಪದೇ ಪದೇ ಬರೋ ಅಂಗಡಿ ಬೀದಿಯವರೂ ಅರವತ್ತು ಜನ ಇದ್ದಾರೆ. ಚುಕ್ಕೆ ಇರೋದು ಮೂವರಿಗೆ.” ಕನ್ನಡಕ ತೆಗೆದು ಒರೆಸಿಕೊಂಡರು. “ಇನ್ನೊಂದು. ಚುಕ್ಕೆಯವರಲ್ಲಿ ಮೂವತ್ತೊಂದು ಜನ ತಿಂಗಳೊಳಗೆ ನಿಜವಾದ ಕಾಯಿಲೆಯಿಂದ ವಾರ್ಡಿಗೆ ಸೇರಿದ್ದಾರೆ.”

ಸುಮ್ಮಸುಮ್ಮನೆ ಬರುವವರು ಅಂತ ನಾನು ಗುರುತು ಹಾಕಿದ ಮೂವತ್ತೊಂದು ಜನ. ಅವರ ಮುಖಗಳನ್ನು ನೆನಪಿಸಿಕೊಳ್ಳಲು ನೋಡಿದೆ. ನಾಲ್ಕೈದು ನೆನಪಾದವು, ಉಳಿದವು ಬರಲಿಲ್ಲ. ನಡಿಗೆಯಲ್ಲೇ ಬಣ್ಣ ಗೊತ್ತಾಗುತ್ತದೆ ಅಂತ ಈ ಡೈರಿಯ ಮೊದಲ ಪುಟದಲ್ಲೇ ಬರೆದುಕೊಂಡಿದ್ದೇನೆ. ಹರಿದು ಹಾಕೋಣ ಅನ್ನಿಸಿತು. ಇರಲಿ, ಓದಿದಾಗಲೆಲ್ಲ ನಾಚಿಕೆಯಾಗಲಿ.

ಮಾರ್ಚ್ 27, ಗುರುವಾರ

ಈ ವಾರವೆಲ್ಲ ಕಾಲು ನೋವು. ಸಂಜೆ ಬಿಸಿನೀರಲ್ಲಿ ಪಾದ ಇಟ್ಟುಕೊಂಡು ಕೂತರೆ ಯಜಮಾನರು, “ಕೂತು ಮಾಡೋ ಕೆಲಸ ಅಲ್ವೇನೆ ನಿಂದು? ಪಾದ ನೋಡಿದ್ರೆ ಅಂಚೆಯವನ ಪಾದ ಆಗಿದೆ” ಅಂತ ನಗುತ್ತಾರೆ. ಕೂರಲು ಎಲ್ಲಿ ಹೊತ್ತು? ಬೆಂಚಿನ ಸಾಲು ಈ ತುದಿಯಿಂದ ಆ ತುದಿಗೆ ಎಷ್ಟು ಉದ್ದ ಅಂತ ಈಗ ಗೊತ್ತಾಗುತ್ತಿದೆ.

ಕಾಲುವೆಯಾಚೆಯ ಒಬ್ಬ ಮುದುಕಪ್ಪನ ರೆಪ್ಪೆ ಎಳೆದು ನೋಡಿದಾಗ ಒಳಗೆ ಕಾಗದದಷ್ಟು ಬಿಳಿ. ಹಳದಿ ಚೀಟಿ ಕೊಟ್ಟೆ. “ಹಗಲು ದವಾಖಾನೆಗೆ ಯಾಕೆ ಹೋಗಲಿಲ್ಲ?” ಅಂತ ಕೇಳಿದೆ. ಬೈಯಲು ಕೇಳಿದ್ದಲ್ಲ, ತಿಳಿದುಕೊಳ್ಳಲು. ಅವರು ನನ್ನನ್ನೇ ನೋಡಿ, “ನೀವು ಒಂದ್ಸಲ ಹೋಗಿ ಬನ್ನಿ” ಅಂದರು.

ಊಟದ ಹೊತ್ತಿನಲ್ಲಿ ಹೋದೆ. ನಮ್ಮ ಹಿಂದಿನ ಗೇಟಿನಿಂದ ಎರಡೇ ಬೀದಿ, ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಹೋಗಿರಲಿಲ್ಲ. ಒಂಬತ್ತರಿಂದ ಒಂದರವರೆಗೆ ಅಂತ ಬೋರ್ಡು. ಲಾಂಡ್ರಿಯಲ್ಲಿ, ಗೋದಾಮಿನಲ್ಲಿ ಆ ಹೊತ್ತಿಗೆ ಯಾರು ಬಿಡುತ್ತಾರೆ? ಕೆಳಗೆ ಇನ್ನೊಂದು ಸಾಲು: ಮನೆ ನಂಬರಿರುವ ವಿಳಾಸದ ಪತ್ರ ಕಡ್ಡಾಯ. ಕಾಲುವೆ ದಡದ ಮನೆಗಳಿಗೆ ನಂಬರೇ ಕೊಟ್ಟಿಲ್ಲ. ಏನನ್ನೂ ಕೇಳದೆ ತೆರೆದಿರುವ ಬಾಗಿಲು ಈ ಊರಿನಲ್ಲಿ ನಮ್ಮದೊಂದೇ. ಆ ಬಾಗಿಲಲ್ಲಿ ನಾನು ಕೂತಿದ್ದೆ.

ಊಟ ಮಾಡಲು ಹೊತ್ತು ಸಿಗಲಿಲ್ಲ. ಡಬ್ಬಿ ಹಾಗೇ ವಾಪಸ್ಸು ತಂದೆ.

ಏಪ್ರಿಲ್ 2, ಬುಧವಾರ

ಅರ್ಜಿಗೆ ಆಫೀಸಿನಿಂದ ಉತ್ತರ ಹೋಗಿದೆಯಂತೆ. ಹಿರಿಯ ಸಿಸ್ಟರ್ ನನ್ನ ಬೆನ್ನು ತಟ್ಟಿ, “ಮುಗೀತು ಬಿಡು” ಅಂದರು. ಹಗುರ ಆಗಬೇಕಿತ್ತು. ಆಗಲಿಲ್ಲ.

ಏಪ್ರಿಲ್ 9, ಬುಧವಾರ

ಇಸ್ತ್ರಿಯಮ್ಮನ ಮಗಳು ಬಂದಿದ್ದಳು. ಕಾಯಿಲೆಗಲ್ಲ. ನನ್ನ ಪಾಳಿ ಮುಗಿಯುವವರೆಗೆ ಗೇಟಿನ ಹತ್ತಿರ ನಿಂತಿದ್ದು, ನಾನು ಹೊರಬಂದಾಗ ಹಿಂದೆ ಬಂದಳು. ಇಪ್ಪತ್ತೈದರ ಹುಡುಗಿ, ಕೆಲಸದ ಏಪ್ರನ್ ಬಿಚ್ಚಿರಲಿಲ್ಲ.

“ಅಕ್ಕ, ಒಂದು ಮಾತು ಕೇಳ್ಲಾ? ಹಿಂದಿನ ಸಂಜೆ ಎಷ್ಟು ಗಂಟೆಗೆ ಕರ್ಕೊಂಡು ಬಂದಿದ್ರೆ ಅಮ್ಮ ಉಳೀತಿದ್ಳು?”

“ಅದೆಲ್ಲ ಈಗ ಯಾಕಮ್ಮ?”

ಮಡಚಿದ ಕಾಗದ ತೆಗೆದು ತೋರಿಸಿದಳು. ಆಫೀಸಿನ ಉತ್ತರ. ‘ರೋಗಿಯನ್ನು ಮನೆಯವರು ತಡವಾಗಿ ಕರೆತಂದ ಕಾರಣ ಜೀವ ಉಳಿಸಲು ಸಾಧ್ಯವಾಗಲಿಲ್ಲ.’ ನಾನು ಬರೆದುಕೊಟ್ಟ ಸಾಲೇ, ಸ್ವಲ್ಪ ಇಸ್ತ್ರಿ ಮಾಡಿದ್ದರು.

“ಅಪ್ಪ ಇದನ್ನ ಗೂಡಲ್ಲಿ ಇಟ್ಕೊಂಡು ದಿನಾ ಓದ್ತಾರೆ. ಅವತ್ತು ನೀವು ತಡ ಮಾಡಿದ್ರಿ ಅಂದ್ರಲ್ಲ, ಅವತ್ತಿಂದ ನನ್ನ ಜೊತೆ ಒಂದು ಮಾತಾಡಿಲ್ಲ. ತಟ್ಟೆ ಇಟ್ರೆ ಉಣ್ತಾರೆ, ಎದ್ದು ಹೋಗ್ತಾರೆ. ಮನೇಲಿ ನಾವಿಬ್ಬರೇ.” ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. “ನಾನು ಸಂಜೇನೇ ಹೊರಡೋಣ ಅಂದೆ ಅಕ್ಕ. ಅಮ್ಮಾನೇ ಬೇಡ ಅಂದಳು. ಬೆಳಿಗ್ಗೆ ಹೋಗೋಣ, ಮೇಜಿನ ಅಕ್ಕ ಇರ್ತಾರೆ, ಅವರಿಗೆ ನನ್ನ ಗುರುತಿದೆ, ಬೇಗ ಒಳಗೆ ಬಿಡ್ತಾರೆ ಅಂದಳು. ಇದನ್ನ ಹೇಳಿದ್ರೆ ಅಪ್ಪ ನಂಬಲ್ಲ, ನೆಪ ಹೇಳ್ತೀಯಾ ಅನ್ನೋ ಥರ ನೋಡ್ತಾರೆ.”

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. “ದೇವರ ಇಚ್ಛೆಯಮ್ಮ, ನೀನು ಮನಸ್ಸಿಗೆ ಹಚ್ಚಿಕೋಬೇಡ” ಅಂದು ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದರೆ ಅವಳು ಅಲ್ಲೇ ನಿಂತು ಆ ಕಾಗದವನ್ನು ಅದರ ಹಳೆಯ ಮಡಿಕೆಯಲ್ಲೇ ಜೋಪಾನವಾಗಿ ಮಡಚುತ್ತಿದ್ದಳು.

ಗುರುತಿದೆ ಅಂದಳಂತೆ. ಇತ್ತು, ಗುರುತಿತ್ತು.

ಏಪ್ರಿಲ್ 10, ಗುರುವಾರ

ಯಜಮಾನರಿಗೆ ಎಲ್ಲ ಹೇಳಿದೆ. ಯಂತ್ರ ನಿಲ್ಲಿಸಿ ಪೂರ್ತಿ ಕೇಳಿದರು. ತಮಾಷೆ ಮಾಡಲಿಲ್ಲ. “ಅಳತೆ ತಪ್ಪಿದ್ರೆ ನಾನು ಗಿರಾಕಿ ಮುಂದೇನೇ ಹೊಲಿಗೆ ಬಿಚ್ತೀನಿ ಕಣೇ. ನೀನು ಏನು ಮಾಡ್ತೀಯೋ ನಂಗೊತ್ತಿಲ್ಲ” ಅಂದರು. ಅಷ್ಟೇ ಅಂದು ಮತ್ತೆ ಹೊಲಿಯಲು ಕೂತರು. ನನಗೆ ಸಿಟ್ಟು ಬಂತು. ಯಾಕೆ ಬಂತೆಂದು ಈಗ ಬರೆಯುವಾಗ ಗೊತ್ತಾಗುತ್ತಿದೆ.

ಏಪ್ರಿಲ್ 12, ಶನಿವಾರ

ಬೆಳಿಗ್ಗೆ ಆಫೀಸಿಗೆ ಹೊಸ ಪತ್ರ ಕೊಟ್ಟೆ. ಮೊದಲಿನ ವಿವರಣೆ ಅರ್ಧ ಮಾತ್ರ ನಿಜ, ಚುಕ್ಕೆ ನಾನು ಶುರು ಮಾಡಿದ್ದು, ಅದನ್ನು ನೋಡಿಯೇ ಹಸಿರು ಚೀಟಿ ಕೊಟ್ಟಿದ್ದು, ಆಮೇಲೆ ಅಳಿಸಿದ್ದೂ ನಾನೇ ಅಂತ. ಸಾಹೇಬರು ಓದಿ, “ಇದನ್ನ ವಾಪಸ್ ತಗೊಂಡು ಹೋಗಿ ಸಿಸ್ಟರ್, ಸೋಮವಾರ ಮಾತಾಡೋಣ” ಅಂದರು. ಮೇಜಿನ ಮೇಲೇ ಬಿಟ್ಟು ಬಂದೆ. ಹಿರಿಯ ಸಿಸ್ಟರ್ ಎದುರಿಗೆ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋದರು. ಹದಿನೆಂಟು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು. ಬೇಜಾರಾಯಿತು.

ಏಪ್ರಿಲ್ 13, ಭಾನುವಾರ

ಕಾಲುವೆಯ ಸಣ್ಣ ಸೇತುವೆ ದಾಟಿ ಹೋದೆ. ಲಾಂಡ್ರಿ ಹುಡುಕುವುದು ಕಷ್ಟವಾಗಲಿಲ್ಲ, ತೊಳೆದ ಬಟ್ಟೆಯ ವಾಸನೆ ದೂರಕ್ಕೇ ಬರುತ್ತದೆ. ತಗಡಿನ ಚಾವಣಿಯ ಉದ್ದನೆಯ ಕೋಣೆ. ಭಾನುವಾರವೂ ಕೆಲಸ ನಡೆದಿತ್ತು. ಮಗಳು ತಾಯಿ ನಿಲ್ಲುತ್ತಿದ್ದ ಮೇಜಿನಲ್ಲೇ ನಿಂತು ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಎಷ್ಟು ಸೆಕೆ ಅಂದರೆ ಎರಡು ನಿಮಿಷಕ್ಕೆ ನನ್ನ ಕುತ್ತಿಗೆ ಬೆವೆತು ಒದ್ದೆಯಾಯಿತು. ಇಲ್ಲಿ ದಿನವಿಡೀ ನಿಂತವಳು ಸುಸ್ತು ಅಂದರೆ ‘ಸರಿಯಾಗಿ ಊಟ ಮಾಡಿ’ ಅಂತ ಕಳಿಸುತ್ತಿದ್ದೆ.

ಹುಡುಗಿ ನನ್ನನ್ನು ನೋಡಿ ಗಾಬರಿಯಾದಳು. ಹತ್ತಿರ ಹೋಗಿ, ತಡವಾದದ್ದು ನಿನ್ನಿಂದಲ್ಲ ಅಂತ ಶುರು ಮಾಡಿದೆ. ಚುಕ್ಕೆಯ ವಿಷಯ ಹೇಳಿದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅರ್ಧಕ್ಕೇ ಕೈ ಎತ್ತಿ ತಡೆದಳು.

“ನಂಗೆ ಹೇಳಬೇಡಿ. ಅಪ್ಪನಿಗೆ ಹೇಳಿ.”

ಅಪ್ಪ ಹಿಂಬಾಗಿಲ ಹೊರಗೆ ಮರದ ಬೆಂಚಿನ ಮೇಲೆ ಕೂತಿದ್ದರು. ರಾತ್ರಿ ಪಾಳಿಯವರಿಗೆ ರಜೆಯ ದಿನ ಮನೆಯಲ್ಲಿ ಒಬ್ಬರೇ ಇರಲು ಆಗುವುದಿಲ್ಲವೇನೋ, ಮಗಳು ಕಾಣುವ ಕಡೆ ಬಂದು ಕೂತು ಮಗಳನ್ನು ನೋಡದೆ ಇದ್ದರು. ನಾನು ಯಾರೆಂದು ಅವರಿಗೆ ತಕ್ಷಣ ಗೊತ್ತಾಯಿತು. ಏಳಲಿಲ್ಲ. ನಾನು ಅವರೆದುರು ನಿಂತೇ ಹೇಳಿದೆ. ಬರುವ ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು.

“ಅವತ್ತು ಎಂಟು ಹತ್ತಕ್ಕೆ ನಿಮ್ಮ ಮನೆಯವರು ನನ್ನ ಎದುರಿಗೆ ನಿಂತಿದ್ರು. ಬದುಕಿಸಬಹುದಿತ್ತು, ಡಾಕ್ಟರೇ ಹೇಳಿದ್ದಾರೆ. ನಾನು ಮುಟ್ಟಿ ನೋಡಲಿಲ್ಲ. ಸುಮ್ಮನೆ ಬರೋರು ಅಂತ ಅವರ ಫೈಲಿಗೆ ನಾನೇ ಗುರುತು ಹಾಕಿಟ್ಟಿದ್ದೆ. ನಿಮ್ಮ ಕಡೆಯ ತುಂಬ ಜನಕ್ಕೆ ಹಾಕಿದ್ದೆ. ನಿಮ್ಮ ಮಗಳು ಎರಡು ಸಲ ಬಂದು ಕೇಳಿದಳು, ಎರಡು ಸಲವೂ ವಾಪಸ್ ಕಳಿಸಿದೆ. ಆ ಕಾಗದದಲ್ಲಿರೋದು ನನ್ನ ಮಾತು. ಅದು ತಪ್ಪು. ತಡ ಮಾಡಿದವಳು ನಾನು.”

ಅವರು ನನ್ನ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿ ಅಂತಲೂ ಇತ್ತು. ಕ್ಷಮಿಸಿ ಅನ್ನಲು ಬಾಯಿ ತೆರೆದೆ, ಆದರೆ ಅದನ್ನು ಕೇಳಿ ಅವರು ಮಾಡುವುದೇನಿದೆ ಅನ್ನಿಸಿ ಸುಮ್ಮನಾದೆ.

“ಸಂಜೆ ಹೋಗೋದು ಬೇಡ ಅಂದೋಳು ಇವಳಮ್ಮಾನೇನಾ?” ಅಂತ ಕೇಳಿದರು.

“ಹೌದು. ನಾನು ಇರೋ ಹೊತ್ತಿಗೆ ಬರೋಣ ಅಂದರಂತೆ. ನಾನು ಗುರುತಿನವಳು ಅಂತ.”

ಒಳಗೆ ಯಾರದೋ ಇಸ್ತ್ರಿಪೆಟ್ಟಿಗೆಯ ಹಬೆಯ ಸದ್ದು ಬರುತ್ತಿತ್ತು. ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವರು ನನ್ನಿಂದ ಮುಖ ತಿರುಗಿಸಿ ಅವಳ ಕಡೆ ನೋಡಿದರು. ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದರು.

“ಬೆಳಿಗ್ಗೆಯಿಂದ ನಿಂತೇ ಇದ್ದೀಯಲ್ಲಮ್ಮ,” ಅಂದರು. “ಬಾ, ಕೂತ್ಕೋ.”

ಅವಳು ಕೂತಳು. ಏಪ್ರನ್ನನ್ನು ಮುಖಕ್ಕೆ ಒತ್ತಿಕೊಂಡಳು. ಅಪ್ಪ ಅವಳ ಬೆನ್ನ ಮೇಲೆ ಕೈ ಇಟ್ಟರು. ನನ್ನ ಕಡೆ ಇಬ್ಬರೂ ಮತ್ತೆ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಸೇತುವೆ ದಾಟಿ ವಾಪಸ್ಸು ಬಂದೆ.

ಆ ಒಂದು ಮಾತಿಗಾಗಿ ಆ ಹುಡುಗಿ ಐದು ವಾರ ನಾಲ್ಕು ದಿನ ಕಾದಿದ್ದಳು. ಕಾಯಿಸಿದವಳು ನಾನೇ.